ಆರು ಸೆಕೆಂಡಿನ ಯುದ್ಧಕ್ಕೆ ಏಳು ವರ್ಷದ ವ್ಯಾಜ್ಯ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಯುದ್ಧದ ಒಂದು ಸುತ್ತು ಎಂದರೆ 6 ಸೆಕೆಂಡು. ಅಷ್ಟರಲ್ಲೇ ಕತ್ತಿ ಬೀಸುವವನು ಬೀಸಬೇಕು, ಮಂತ್ರ ಹಾಕುವವಳು ಹಾಕಬೇಕು, ಓಡುವವನು 30 ಅಡಿ ಓಡಬೇಕು, ರಾಕ್ಷಸ ಇವರೆಲ್ಲರಿಗೂ ತಕ್ಕ ಉತ್ತರ ಕೊಡಬೇಕು. ಹತ್ತು ಸುತ್ತಾದರೆ ಒಂದು ನಿಮಿಷ. ಬಹಳಷ್ಟು ಕಾಳಗಗಳು ಆ ಒಂದು ನಿಮಿಷವನ್ನೂ ಮುಟ್ಟುವುದಿಲ್ಲ; ಅಷ್ಟರೊಳಗೆ ಯಾರಾದರೂ ನೆಲ ಕಚ್ಚಿರುತ್ತಾರೆ. ಆದರೆ ಮೇಜಿನ ಸುತ್ತ ಕೂತು ಆಡುವವರಿಗೆ ಅದೇ ನಿಮಿಷ ದಾಟಲು ಎರಡು ಮೂರು ಗಂಟೆ ಹಿಡಿಯುತ್ತದೆ. ದಾಳ ಉರುಳಿಸಬೇಕು, ಗರ ನೋಡಬೇಕು, ಕೂಡಬೇಕು, ಕಳೆಯಬೇಕು, ನಡುವೆ ಒಬ್ಬರು "ಒಂದ್ನಿಮಿಷ ಇರಿ, ನನ್ನ ಮಂತ್ರದಲ್ಲಿ ಏನು ಬರೆದಿದೆ ಓದ್ತೀನಿ" ಅನ್ನಬೇಕು. ಈ ಆಟವೇ ಪಾಡ್‌ಕಾಸ್ಟ್ ಆಗಿ ಲೋಕದ ಕಿವಿಗೆ ಬಿದ್ದಾಗ ಮೂರನೆಯದೊಂದು ಗಡಿಯಾರ ಓಡತೊಡಗುತ್ತದೆ, ಅಭಿಮಾನಿಗಳ ಚರ್ಚೆಯದು. ಅದಕ್ಕೆ ಸುತ್ತೂ ಇಲ್ಲ, ಸೆಕೆಂಡೂ ಇಲ್ಲ.

ಈ ಬಗೆಯ ಕಾರ್ಯಕ್ರಮಗಳಲ್ಲಿ ಹೆಸರುವಾಸಿಯಾದದ್ದು 'ಕ್ರಿಟಿಕಲ್ ರೋಲ್'. ಲಾಸ್ ಏಂಜಲೀಸ್‌ನಲ್ಲಿ ಕಾರ್ಟೂನುಗಳಿಗೂ ವಿಡಿಯೊ ಗೇಮ್‌ಗಳಿಗೂ ಧ್ವನಿ ಕೊಡುವ ನಟನಟಿಯರು ತಮ್ಮ ಪಾಡಿಗೆ ಮನೆಯಲ್ಲಿ ಆಡಿಕೊಂಡಿದ್ದ ಆಟವನ್ನು 2015ರ ಮಾರ್ಚ್ 12ರಂದು ಕ್ಯಾಮೆರಾ ಮುಂದೆ ತಂದರು. ಮುಂದೆ ಅದು ಪಾಡ್‌ಕಾಸ್ಟ್ ಆಗಿಯೂ ಬಂತು. ಆಗ ಆಟ ನಡೆಸುವ ಡಂಜನ್ ಮಾಸ್ಟರ್ ಆಗಿದ್ದವರು ಮ್ಯಾಥ್ಯೂ ಮರ್ಸರ್: ಊರು, ಅರಸ, ಹೋಟೆಲು ಮಾಲೀಕ, ರಾಕ್ಷಸ, ಮಳೆ, ಗಾಳಿ ಎಲ್ಲವೂ ಅವರೇ. ಉಳಿದವರಿಗೆ ತಲೆಗೊಂದು ಪಾತ್ರ. ಬರೆದಿಟ್ಟ ಮಾತಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಬಾಯಿಮಾತಿನಲ್ಲಿ ರಣರಂಗ ಕಟ್ಟುವ ಈ ವರಸೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಹೊಸದೆನಿಸದು. ಒಂದೇ ವ್ಯತ್ಯಾಸ. ತಾಳಮದ್ದಳೆಯಲ್ಲಿ ಕರ್ಣನ ಅರ್ಥಧಾರಿ ಬೆಳಗಿನ ಜಾವದವರೆಗೆ ವಾದಿಸಿ ಗೆದ್ದರೂ ಪ್ರಸಂಗದಲ್ಲಿ ಕರ್ಣ ಸಾಯಲೇಬೇಕು. ಇಲ್ಲಿ ರಥದ ಚಕ್ರ ಹೂಳುತ್ತದೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ.

ತಕರಾರು ಹುಟ್ಟುವುದು ಅಲ್ಲೇ. ಕಾದಂಬರಿಯಲ್ಲಿ ಮೆಚ್ಚಿನ ಪಾತ್ರ ಸತ್ತರೆ ಲೇಖಕರನ್ನು ಬೈಯಬಹುದು. ಧಾರಾವಾಹಿಯಲ್ಲಾದರೆ ನಿರ್ದೇಶಕರಿದ್ದಾರೆ, ಚಾನೆಲ್ ಇದೆ. ಯಾರೂ ಬರೆಯದ ಕಥೆಯಲ್ಲಿ, ದಾಳದ ದೆಸೆಯಿಂದ ಒಬ್ಬ ಸತ್ತರೆ ಯಾರ ಮನೆ ಮುಂದೆ ಹೋಗಿ ಕೂಗಾಡುವುದು? ಯುದ್ಧದ ಎಪಿಸೋಡು ಮುಗಿದ ಕೂಡಲೇ ಅಭಿಮಾನಿಗಳು ಕೈಗೆತ್ತಿಕೊಳ್ಳುವ ಕೆಲಸ ಇದೇ, ಆರೋಪಿಯನ್ನು ಹುಡುಕುವುದು.

2018ರ ಜುಲೈ 12ರ ಪ್ರಕರಣವನ್ನೇ ತೆಗೆದುಕೊಳ್ಳಿ. ಎರಡನೆಯ ಕಥಾಸರಣಿಯ 26ನೇ ಕಂತು. ಮಾಲಿಮಾಕ್ ಎಂಬ, ಬಣ್ಣಬಣ್ಣದ ನಿಲುವಂಗಿಯ, ನಾಲಿಗೆ ಚುರುಕಿನ, ಎಲ್ಲರ ಮುದ್ದಿನ ಪಾತ್ರ. ಆಡುತ್ತಿದ್ದವರು ಟ್ಯಾಲಿಯೆಸಿನ್ ಜಾಫಿ. ಗೆಳೆಯರನ್ನು ಕದ್ದೊಯ್ದ ಗುಲಾಮ ವ್ಯಾಪಾರಿಗಳ ಮೇಲೆ ಉಳಿದವರು ದಾರಿಯಲ್ಲಿ ಹೊಂಚುಹಾಕಿ ಬೀಳುತ್ತಾರೆ. ಮಾಲಿಮಾಕ್‌ನದು 'ಬ್ಲಡ್ ಹಂಟರ್' ವರ್ಗ. ಅವನ ಶಾಪಕ್ಕೆ ಬಲ ಬರಬೇಕಾದರೆ ತನ್ನ ರಕ್ತವನ್ನೇ ಬೆಲೆಯಾಗಿ ಕೊಡಬೇಕು. ಸೋಲು ಕಣ್ಣೆದುರಿಗಿದ್ದಾಗ ಅವನು ಲೊರೆಂಜೊ ಎಂಬ ನಾಯಕನ ಮೇಲೆ ಶಾಪ ಹಾಕಿದ. ಬೆಲೆ ತೆತ್ತು ತಾನೇ ಪ್ರಜ್ಞೆ ತಪ್ಪಿ ಬಿದ್ದ. ಬಿದ್ದವನನ್ನು ಲೊರೆಂಜೊ ಅಲ್ಲೇ ಮುಗಿಸಿದ.

ಎಪಿಸೋಡು ಮುಗಿಯಿತು, ಕಲಾಪ ಆರಂಭವಾಯಿತು.

ಮೊದಲ ಆರೋಪಿ ಮರ್ಸರ್. ಗುಲಾಮರನ್ನು ಮಾರಿ ಬದುಕುವವನು ಮಾರಬಹುದಾದ ಸರಕನ್ನು ಯಾಕೆ ಕೊಲ್ಲುತ್ತಾನೆ ಎಂದು ಒಂದು ಬಣ. ಖಳನಾಯಕ ಖಳನಂತೆ ನಡೆದುಕೊಳ್ಳದೆ ಪಂಚಾಯ್ತಿ ಅಧ್ಯಕ್ಷನಂತೆ ನಡೆದುಕೊಳ್ಳಬೇಕೇ ಎಂದು ಇನ್ನೊಂದು ಬಣ. ಬ್ಲಡ್ ಹಂಟರ್ ವರ್ಗವನ್ನು ರೂಪಿಸಿದವರೂ ಮರ್ಸರ್ ಅವರೇ ಎಂಬುದನ್ನು ಯಾರೋ ನೆನಪಿಸಿದಾಗ ಮೊಕದ್ದಮೆಗೆ ಇನ್ನೊಂದು ಕಲಂ ಸೇರಿಕೊಂಡಿತು.

ಎರಡನೆಯ ಆರೋಪಿ ನಿಯಮ ಪುಸ್ತಕ. ಶಕ್ತಿ ಸೊನ್ನೆಗಿಳಿದು ಬಿದ್ದವರು ಸುತ್ತಿಗೊಮ್ಮೆ ದಾಳ ಹಾಕಬೇಕು. 10 ಅಥವಾ ಹೆಚ್ಚು ಬಿದ್ದರೆ ಜೀವದ ಕಡೆ ಒಂದು ಗುರುತು, ಕಡಿಮೆ ಬಿದ್ದರೆ ಸಾವಿನ ಕಡೆ ಒಂದು. ಮೂರು ಗುರುತಿಗೆ ತೀರ್ಪು. ಆದರೆ ಬಿದ್ದವರನ್ನು ಪಕ್ಕದಲ್ಲೇ ನಿಂತು ಇರಿದರೆ ಒಂದೇ ಏಟಿಗೆ ಸಾವಿನ ಕಡೆ ಎರಡು ಗುರುತು. ಸತ್ತವರನ್ನು ಎಬ್ಬಿಸುವ 'ರಿವಿವಿಫೈ' ಮಂತ್ರವೂ ಉಂಟು; 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತ ಒಂದು ನಿಮಿಷದೊಳಗೆ ಹಾಕಬೇಕು. ಹಾಕುವವರು ಯಾರು? ತಂಡದ ವೈದ್ಯೆಯಂತಿದ್ದ ಜೆಸ್ಟರ್ ಶತ್ರುವಿನ ಸೆರೆಯಲ್ಲಿದ್ದಳು. ಅವಳು ಸೆರೆಯಾದದ್ದೇಕೆ? ಆ ಪಾತ್ರದ ಲಾರಾ ಬೈಲಿ ಮತ್ತು ಅವರ ಪತಿ, ಜೊತೆ ಆಟಗಾರ ಟ್ರಾವಿಸ್ ವಿಲಿಂಗ್‌ಹ್ಯಾಮ್, ಮಗು ಹುಟ್ಟಿದ್ದರಿಂದ ರಜೆಯಲ್ಲಿದ್ದರು. ಅವರ ಗೈರುಹಾಜರಿಗೆ ಕಥೆಯಲ್ಲಿ ಕೊಟ್ಟ ಕಾರಣವೇ ಅಪಹರಣ. ಹೀಗೆ ಕಾರಣದ ಎಳೆ ಹಿಡಿದು ಹಿಂದೆ ಹಿಂದೆ ಹೋದ ತನಿಖಾಧಿಕಾರಿಗಳು ಕೊನೆಗೆ ಒಂದು ತೊಟ್ಟಿಲ ಮುಂದೆ ಬಂದು ನಿಂತರು. ಹಸುಗೂಸಿನ ಮೇಲೆ ದೂರು ದಾಖಲಿಸಲು ಯಾರಿಗೂ ಮನಸ್ಸಾಗಲಿಲ್ಲ.

ಎರಡು ಕಂತು ಕಳೆದು ಜಾಫಿ ಹೊಸ ಪಾತ್ರದೊಂದಿಗೆ ಬಂದರು: ಕಡೂಸಿಯಸ್ ಕ್ಲೇ, ಸ್ಮಶಾನ ಕಾಯುವ ಮನೆತನದವ, ಗೋರಿಗಳ ಮೇಲೆ ಬೆಳೆದ ಗಿಡದಿಂದ ಚಹಾ ಕಾಸಿ ಕೊಡುವವ, ಮತ್ತು ಗಾಯ ವಾಸಿ ಮಾಡಬಲ್ಲವ. ಈ ಮಹಾನುಭಾವ ಎರಡು ಕಂತು ಮೊದಲೇ ಬಂದಿದ್ದರೆ ಎಂದು ಕೊರಗಿದವರೂ ಇದ್ದರು. ಮಾಲಿಮಾಕ್ ಸಾಯದೆ ಅವನು ಬರುವಂತೆಯೇ ಇರಲಿಲ್ಲ ಎಂದು ಅವರಿಗೆ ವಿವರಿಸುವವರ ತಾಳ್ಮೆ ದೊಡ್ಡದು.

ಇಷ್ಟೊಂದು ನಿಯಮಗಳು ಯಾಕೆ ಎಂದು ಕೇಳಿದರೆ ಆಟದ ಜಾತಕ ತೆಗೆಯಬೇಕಾಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಹೊರತಂದಾಗ ಮೊದಲು ಅಚ್ಚಾದದ್ದು 1,000 ಪ್ರತಿ. ಅದಕ್ಕೂ ಮೂರು ವರ್ಷ ಮೊದಲು ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಎಂಬ, ಪುಟ್ಟ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಹೂಡಿ ಆಡುವ ಯುದ್ಧದಾಟದ ನಿಯಮ ಬರೆದಿದ್ದರು. ತಾಯಿ ಯುದ್ಧದಾಟವಾದ್ದರಿಂದ ಮಗುವಿಗೂ ಲೆಕ್ಕಾಚಾರದ ಚಾಳಿ ಹೋಗಲಿಲ್ಲ. ಪ್ರೇಮ ನಿವೇದನೆಗೆ ಪುಸ್ತಕದಲ್ಲಿ ಹೆಚ್ಚು ಜಾಗವಿಲ್ಲ. ಬೆಂಕಿಯುಂಡೆ ಎಸೆದರೆ 20 ಅಡಿ ತ್ರಿಜ್ಯದೊಳಗಿನವರಿಗೆ ಆರು ಮುಖದ ಎಂಟು ದಾಳದಷ್ಟು ಪೆಟ್ಟು ಎಂಬುದು ಸ್ಪಷ್ಟವಾಗಿದೆ. ಚರ್ಚೆಯಲ್ಲಿ ಪ್ರತಿಯೊಬ್ಬ ಅಭಿಮಾನಿಗೂ ಒಂದು ಕಾನೂನು ಪುಸ್ತಕ ಸಿಕ್ಕಂತಾಯಿತು. 'ರೂಲ್ಸ್ ಲಾಯರ್' ಎಂಬ ಬಿರುದು ಈ ವಲಯದಲ್ಲಿ ಹಳೆಯದು.

ಲಾಯರುಗಳು ಮಾತ್ರವಲ್ಲ, ಗುಮಾಸ್ತರೂ ಇದ್ದಾರೆ. ಕ್ರಿಟಿಕಲ್ ರೋಲ್‌ನಲ್ಲಿ ಉರುಳಿದ ದಾಳಗಳ ಗರಗಳನ್ನೆಲ್ಲ ಸಂಬಳವಿಲ್ಲದೆ ವರ್ಷಗಟ್ಟಲೆ ಬರೆದಿಟ್ಟ ಅಭಿಮಾನಿಗಳಿದ್ದರು. ಯಾರಿಗೆ ಎಷ್ಟು ಸಲ 20 ಬಿತ್ತು, ಯಾರಿಗೆ 1 ಬಿತ್ತು, ಯಾರ ಕೈಯಲ್ಲಿ ಎಷ್ಟು ತಲೆ ಉರುಳಿತು ಎಂಬುದಕ್ಕೆಲ್ಲ ದಾಖಲೆ ಇತ್ತು. ಮನೆ ಲೆಕ್ಕದ ಪುಸ್ತಕ ಬರೆಯಲು ಬೇಸರಪಡುವವರೂ ಇಂಥ ಕೆಲಸಕ್ಕೆ ಉತ್ಸಾಹದಿಂದ ಕೂರುತ್ತಾರೆ.

ಮೂರನೆಯ ಆರೋಪಿ ದಾಳ. ಹೊಣೆ ಹೊರಿಸಲು ಇದರಷ್ಟು ಅನುಕೂಲದ ಜೀವಿ ಇನ್ನೊಂದಿಲ್ಲ, ತಿರುಗಿ ಮಾತಾಡುವುದಿಲ್ಲ. 2015ರಲ್ಲಿ ನಟ ವಿಲ್ ವೀಟನ್ ಅತಿಥಿಯಾಗಿ ಬಂದು ಒಂದರ ಮೇಲೊಂದು ಕೆಟ್ಟ ಗರ ಹಾಕಿದ್ದು ದಂತಕಥೆಯೇ ಆಯಿತು. ಈಗಲೂ ಯಾರಿಗಾದರೂ ದಾಳ ಕೈಕೊಟ್ಟರೆ 'ವೀಟನ್ ಶಾಪ' ತಟ್ಟಿತು ಅನ್ನುವವರಿದ್ದಾರೆ. ಮಾತು ಕೇಳದ ದಾಳವನ್ನು ಪುಟ್ಟ ಪಂಜರದಲ್ಲಿ ಕೂಡಿಹಾಕುವ 'ಡೈಸ್ ಜೈಲ್' ಪದ್ಧತಿಯೂ ಉಂಟು. ಅಂಥ ಪಂಜರಗಳು ಅಂಗಡಿಯಲ್ಲೇ ಸಿಗುತ್ತವೆ. ಜಾಮೀನಿನ ಷರತ್ತುಗಳು ಮನೆಯಿಂದ ಮನೆಗೆ ಬೇರೆ.

ಬೆಂಗಳೂರಿನ ಕೇಳುಗರದು ಇನ್ನೊಂದು ಪಾಡು. ಲಾಸ್ ಏಂಜಲೀಸ್‌ನಲ್ಲಿ ಗುರುವಾರ ಸಂಜೆ 7ಕ್ಕೆ ಶುರುವಾದರೆ ಇಲ್ಲಿ ಶುಕ್ರವಾರ ಬೆಳಗ್ಗೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಲೋಕ ಉಳಿಯುವುದೋ ಅಳಿಯುವುದೋ ಎಂಬ ಹೊತ್ತಿಗೆ ಸರಿಯಾಗಿ ಆಫೀಸಿನ ಮೀಟಿಂಗು. ಹಾಗಾಗಿ ಪಾಡ್‌ಕಾಸ್ಟ್‌ಗೆ ಕಾಯುವವರೇ ಹೆಚ್ಚು, ಅಲ್ಲಿಯವರೆಗೆ ಕಿವಿ ಮುಚ್ಚಿಕೊಂಡು ಓಡಾಡಬೇಕು.

"ಮಗಾ, ಮಾಲಿ ಹೋದ."

"ಲೋ, ಬಾಯ್ಮುಚ್ಚೋ! ನಾನಿನ್ನೂ 24ರಲ್ಲಿದೀನಿ."

"ಹೋದ ಅಂದ್ರೆ... ಊರಿಗೆ ಹೋದ."

ಈ ತೇಪೆಯನ್ನು ನಂಬಿದವರು ಯಾರೂ ಇಲ್ಲ.

ನಗುವ ವಿಷಯವಲ್ಲದ್ದೂ ಒಂದಿದೆ. ನಾಲ್ಕನೆಯ ಆರೋಪಿಯಾಗಿ ಕಟಕಟೆ ಹತ್ತುವುದು ಆಟಗಾರರೇ. ಮೊದಲ ಸರಣಿಯಲ್ಲಿ ಮರಿಷಾ ರೇ ಆಡಿದ ಕೀಲೆತ್ ಬೆಟ್ಟದ ಅಂಚಿನಿಂದ ಹಾರಿ, ನೀರಿಗೆ ಬೀಳುತ್ತೇನೆಂದು ನಂಬಿ ನಡುವೆ ಹೊಂಬಣ್ಣದ ಮೀನಾಗಿ, ಬಂಡೆಗೆ ಬಡಿದು ಸತ್ತಳು. ಗೆಳೆಯರು ಅವಳನ್ನು ಬದುಕಿಸಿಕೊಂಡರು, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆದರೆ ಯುದ್ಧದಲ್ಲಿ ಅದೇ ಕೀಲೆತ್ ತಪ್ಪು ಹೆಜ್ಜೆ ಇಟ್ಟಳೆಂದು ಕೆಲವರು ಪಾತ್ರವನ್ನು ಬಿಟ್ಟು ಮರಿಷಾ ಅವರನ್ನೇ ನಿಂದಿಸತೊಡಗಿದರು. ಆ ಕಿರುಕುಳದ ಬಗ್ಗೆ ಅವರು ಬಹಿರಂಗವಾಗಿಯೇ ಮಾತಾಡಿದ್ದಾರೆ. ಹದಿನೈದು ನಿಮಿಷ ಪುಸ್ತಕ ತಿರುವಿ ಕಂಡುಕೊಂಡ ಉತ್ತರವನ್ನು ಮೇಜಿನ ಮುಂದೆ ಕೂತವರು ಕ್ಷಣದಲ್ಲಿ ಹೇಳಬೇಕಿತ್ತು ಎಂದು ಹಟ ಹಿಡಿಯುವುದು ಅಭಿಮಾನಿಗಳ ಹಳೆಯ ಕಾಯಿಲೆ.

ಯುದ್ಧವೇ ಬೇಡ ಅನ್ನುವ ಸಾತ್ವಿಕರೂ ಇದ್ದಾರೆ. ಕತ್ತಿ ಒರೆಯಿಂದ ಹೊರಬಂದರೆ ಅವರು ಪಾತ್ರೆ ತೊಳೆಯಲು ಏಳುತ್ತಾರೆ. ಮ್ಯಾಕೆಲ್‌ರಾಯ್ ಕುಟುಂಬದ ಮೂವರು ಅಣ್ಣತಮ್ಮಂದಿರು ತಮ್ಮ ತಂದೆಯನ್ನು ಕೂರಿಸಿಕೊಂಡು 2014ರಲ್ಲಿ ಆರಂಭಿಸಿದ 'ದಿ ಅಡ್ವೆಂಚರ್ ಝೋನ್' ಅಂಥವರ ಅಚ್ಚುಮೆಚ್ಚು. ಅಲ್ಲಿ ತಂದೆ ಕ್ಲಿಂಟ್ ಆಡುವ ಮರ್ಲ್ ಗಾಯ ವಾಸಿ ಮಾಡಬೇಕಾದವನು. ಆದರೆ ಅವನಿಗೆ ಎಲ್ಲರೂ ನಿಜ ಹೇಳುವಂತೆ ಮಾಡುವ ಮಂತ್ರದ ಮೇಲೇ ಮೋಹ. ಅಲ್ಲಿಯ ಅಭಿಮಾನಿಗಳಿಗೂ ತಕರಾರಿದೆ, ನಿಯಮ ಪಾಲಿಸುವುದಿಲ್ಲ ಎಂದು. ಪಾಲಿಸಿದರೆ ಬೇಸರ ಎಂದು ಇನ್ನುಳಿದವರು.

ಎಲ್ಲ ವ್ಯಾಜ್ಯಗಳಿಗೂ ಅಜ್ಜನಂತಿರುವುದು 2017ರ ಅಕ್ಟೋಬರ್‌ನದು. ಮೊದಲ ಸರಣಿಯ 114ನೇ ಕಂತು, ದೇವರಾಗಿ ಕುಳಿತ ವೆಕ್ನಾನೊಂದಿಗೆ ಕೊನೆಯ ಕಾಳಗ. ಸ್ಯಾಮ್ ರೀಗಲ್ ಆಡುವ ಸ್ಕ್ಯಾನ್ಲನ್ ಹಾಡುಗಾರ, ಪೋಲಿ, ತಮಾಷೆಯ ಗಡಿಗೆ. ಅವನ ಬಳಿ 9ನೇ ಹಂತದ ಮಂತ್ರಕ್ಕೆ ಒಂದೇ ಒಂದು ಅವಕಾಶ ಉಳಿದಿತ್ತು. ಸಾವಿನ ದೇವತೆಗೆ ಮಾತು ಕೊಟ್ಟಿದ್ದ ಗೆಳೆಯ ವ್ಯಾಕ್ಸ್‌ನನ್ನು ಉಳಿಸಿಕೊಳ್ಳಲು, ಬಯಸಿದ್ದನ್ನು ಆಗಿಸುವ 'ವಿಶ್' ಮಂತ್ರಕ್ಕೆಂದು ಅದನ್ನು ಕಾದಿಟ್ಟಿದ್ದ. ಅಷ್ಟರಲ್ಲಿ ವೆಕ್ನಾ ಮಾಯವಾಗಿ ತಪ್ಪಿಸಿಕೊಳ್ಳಲು ಮಂತ್ರ ಹಾಕಿದ. ಸ್ಕ್ಯಾನ್ಲನ್ ತನ್ನ ಕೊನೆಯ ಅವಕಾಶವನ್ನು 'ಕೌಂಟರ್‌ಸ್ಪೆಲ್'ಗೆ ಸುರಿದು ಅದನ್ನು ತಡೆದ. ಲೋಕ ಉಳಿಯಿತು, ವ್ಯಾಕ್ಸ್ ಉಳಿಯಲಿಲ್ಲ. ತಂಡದ ವಿದೂಷಕನೇ ಎಲ್ಲರನ್ನೂ ಅಳಿಸಿದ.

ಕಣ್ಣೊರೆಸಿಕೊಂಡ ಅಭಿಮಾನಿಗಳು ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡರು. ಆಗಿನ ನಿಯಮದಂತೆ ಕೆಳಹಂತದ ಬಲದಿಂದಲೂ ಕೌಂಟರ್‌ಸ್ಪೆಲ್ ಹಾಕಬಹುದಿತ್ತು, ಆದರೆ ದಾಳ ಒಲಿಯಬೇಕಿತ್ತು. ವೆಕ್ನಾ ಹಾಕಿದ 'ಟೆಲಿಪೋರ್ಟ್' 7ನೇ ಹಂತದ್ದು, ಅದನ್ನು ತಡೆಯಲು 17 ಬೇಕು. ಆ ಮಟ್ಟದ ಹಾಡುಗಾರನಿಗೆ ದಾಳದ ಮೇಲೆ 8 ಕೂಡಿದರೆ 9 ಬಿದ್ದರೂ ಸಾಕು, ಅಂದರೆ ನೂರಕ್ಕೆ 60ರಷ್ಟು ಭರವಸೆ. "60 ಸಾಕಿತ್ತು" ಎಂದು ಒಂದು ಬಣ. "ಉಳಿದ 40ರಲ್ಲಿ ನಿನ್ನ ಲೋಕ ಸುಟ್ಟುಹೋಗಿದ್ದರೆ?" ಎಂದು ಇನ್ನೊಂದು.

ಈ ನಡುವೆ ಬೈಯಲು ನಿಜವಾದ ಲೇಖಕರೂ ದೊರೆತರು. 2019ರ ಮಾರ್ಚ್‌ನಲ್ಲಿ ಇದೇ ಕಥೆಯ ಅನಿಮೇಷನ್‌ಗೆಂದು ತಂಡ 7,50,000 ಡಾಲರ್ ಕೇಳಿತು. 88,887 ಮಂದಿ ಸೇರಿ 1 ಕೋಟಿ 13 ಲಕ್ಷಕ್ಕೂ ಹೆಚ್ಚು ಡಾಲರ್ ಕೊಟ್ಟರು. 2022ರ ಜನವರಿಯಲ್ಲಿ 'ದಿ ಲೆಜೆಂಡ್ ಆಫ್ ವಾಕ್ಸ್ ಮಾಕಿನಾ' ತೆರೆಗೆ ಬಂತು. ಅಲ್ಲಿ ದಾಳವಿಲ್ಲ, ಚಿತ್ರಕಥೆ ಇದೆ. ಅಭಿಮಾನಿಗಳಿಗೆ ಅದೂ ಪೂರ್ತಿ ರುಚಿಸಲಿಲ್ಲ: ಆ ಏಟಿಗೆ ನಿಜವಾಗಿ ಎಷ್ಟು ಬಿದ್ದಿತ್ತು ಎಂಬ ನೆನಪು ಅವರಲ್ಲಿ ಗಟ್ಟಿಯಾಗಿತ್ತು.

2024ರಲ್ಲಿ ಆಟದ ನಿಯಮಗಳು ಪರಿಷ್ಕರಣೆಗೊಂಡವು. ಹೊಸ ಪುಸ್ತಕದಲ್ಲಿ ಕೌಂಟರ್‌ಸ್ಪೆಲ್‌ಗೆ ಹಂತದ ಹಂಗಿಲ್ಲ. ಮಂತ್ರ ಹಾಕುವವನೇ ದಾಳ ಹಾಕಿ ತನ್ನ ಮಂತ್ರ ಉಳಿಸಿಕೊಳ್ಳಬೇಕು. ಸುದ್ದಿ ಬಂದದ್ದೇ ತಡ, 2017ರ ಕಡತ ಮತ್ತೆ ಮೇಜಿನ ಮೇಲೆ ಬಂತು. ಈ ನಿಯಮ ಅಂದೇ ಇದ್ದಿದ್ದರೆ ಸ್ಕ್ಯಾನ್ಲನ್ ಬರೀ 3ನೇ ಹಂತದ ಬಲದಲ್ಲಿ ವೆಕ್ನಾನನ್ನು ತಡೆದು, 9ನೆಯದನ್ನು ವ್ಯಾಕ್ಸ್‌ಗೆ ಉಳಿಸಿಕೊಳ್ಳಬಹುದಿತ್ತು ಎಂದು ವ್ಯಾಕ್ಸ್ ಪಕ್ಷದವರು ಮೇಲ್ಮನವಿ ಸಲ್ಲಿಸಿದರು. ವೆಕ್ನಾನಂಥ ದೊಡ್ಡ ಖಳರಿಗೆ, ಸೋತ ದಾಳವನ್ನೂ ಗೆದ್ದಂತೆ ಮಾಡಿಕೊಳ್ಳುವ 'ಲೆಜೆಂಡರಿ ರೆಸಿಸ್ಟೆನ್ಸ್' ಎಂಬ ವರವಿರುತ್ತದೆ, ಅದನ್ನು ಮರೆತಿರಾ ಎಂದು ಎದುರು ಪಕ್ಷದವರು ಎದ್ದರು. ಆ ಹೊತ್ತಿಗೆ ಅಂಥ ವರ ಎಷ್ಟು ಖರ್ಚಾಗಿರುತ್ತಿತ್ತು ಎಂದು ನೋಡಲು ಇಬ್ಬರೂ ಈಗ ಎಪಿಸೋಡನ್ನು ಮೊದಲಿನಿಂದ ಕೇಳುತ್ತಿದ್ದಾರೆ.