ಗಪ್ಪಿಮೀಮಾಂಸೆ

ಶಾಸ್ತ್ರಗ್ರಂಥವೆಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸತಕ್ಕದ್ದೆಂಬುದು ಹಿರಿಯರ ಕಟ್ಟಳೆಯಾದುದರಿಂದ ಈ ಪ್ರಬಂಧಕಾರನೂ ಅದನ್ನು ಮೀರಲಾರನು. ಗಾಜಿನ ತೊಟ್ಟಿಯಲ್ಲಿ ಗಪ್ಪಿಮೀನಿನ ಪಾಲನೆಯೂ ವಂಶಾಭಿವೃದ್ಧಿಯೂ ಇಲ್ಲಿಯ ವಿಷಯ. ನೆರೆಹೊರೆಯವರಿಗೆ ಅಯಾಚಿತ ದಾನವೇ ಪ್ರಯೋಜನ. ಇವೆರಡರ ನಡುವಣ ಕಾರ್ಯಕಾರಣಭಾವವೇ ಸಂಬಂಧ. ಇನ್ನು ಅಧಿಕಾರಿಯೆಂದರೆ, ‘ಎರಡೇ ಎರಡು ಮೀನು, ಮಕ್ಕಳ ಸಂತೋಷಕ್ಕೆ’ ಎಂದು ಮನೆಯಾಕೆಯನ್ನು ನಂಬಿಸಿ ಒಂದು ಗಂಡನ್ನೂ ಒಂದು ಹೆಣ್ಣನ್ನೂ ಕೊಂಡುತಂದ ಗೃಹಸ್ಥನು.

ಮೊದಲನೆಯದು ಕಾಲದೇಶವಿಚಾರ. ನಮ್ಮ ಪ್ರಾಚೀನ ಕವಿಗಳ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲವೆಂದು ಕೊರಗುವವರು, ಬೆರಳುದ್ದವೂ ಇಲ್ಲದ ಈ ಮೀನಿನ ಚರಿತ್ರೆಯನ್ನು ಅವಲೋಕಿಸಿ ಸಮಾಧಾನ ಹೊಂದಬಹುದು. 1859ರಲ್ಲಿ ವಿಲ್ಹೆಲ್ಮ್ ಪೀಟರ್ಸನು ವೆನಿಜುವೆಲಾದಿಂದ ಬಂದ ಮೀನಿಗೆ ಪೊಯಿಸಿಲಿಯಾ ರೆಟಿಕ್ಯುಲೇಟಾ ಎಂದು ನಾಮಕರಣ ಮಾಡಿದನು. 1861ರಲ್ಲಿ ಡಿ ಫಿಲಿಪ್ಪಿಯು ಬಾರ್ಬಡೋಸಿನ ಮೀನಿಗೆ ಬೇರೊಂದು ಹೆಸರಿಟ್ಟನು. 1866ರಲ್ಲಿ ಆಲ್ಬರ್ಟ್ ಗುಂಥರನು, ಟ್ರಿನಿಡಾಡಿನಿಂದ ಮೀನು ಕಳುಹಿಸಿದ ರಾಬರ್ಟ್ ಲೆಚ್ಮಿಯರ್ ಗಪ್ಪಿಯ ಗೌರವಾರ್ಥ ಮೂರನೆಯ ಹೆಸರನ್ನು ದಯಪಾಲಿಸಿದನು. ಮೂರೂ ಒಂದೇ ಮೀನೆಂದು ಕಾಲಾಂತರದಲ್ಲಿ ನಿರ್ಣಯವಾಗಿ, ಶಾಸ್ತ್ರದಲ್ಲಿ ಮೊದಲನೆಯವನ ಹೆಸರು ಗೆದ್ದಿತು. ಲೋಕದ ಬಾಯಲ್ಲಿ ಮಾತ್ರ ಹೆಸರಿಟ್ಟ ಮೂವರಲ್ಲಿ ಒಬ್ಬನೂ ನಿಲ್ಲದೆ ಮೀನು ಕಳುಹಿಸಿದವನು ನಿಂತನು.

ಎರಡನೆಯದು ಜಲಪ್ರಕರಣ. ತೊಟ್ಟಿಗೆ ನೀರು ತುಂಬಿದೊಡನೆ ಮೀನು ಬಿಡುವುದು ಅವಿವೇಕ. ಏಕೆಂದರೆ ಮೀನಿನ ವಿಸರ್ಜನೆಯಿಂದಲೂ ತಿನ್ನದುಳಿದ ಆಹಾರದಿಂದಲೂ ಜನಿಸುವ ಅಮೋನಿಯವನ್ನು ನೈಟ್ರೈಟಾಗಿಯೂ, ಅದನ್ನು ಅಷ್ಟೊಂದು ವಿಷವಲ್ಲದ ನೈಟ್ರೇಟಾಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನಲ್ಲಿ ನೆಲಸಲು ನಾಲ್ಕಾರು ವಾರಗಳು ಬೇಕು. ನಲ್ಲಿಯ ನೀರಾದರೆ, ಕ್ಲೋರಿನ್ ಹೋಗಲೆಂದು ಒಂದು ಹಗಲೂ ಒಂದು ರಾತ್ರಿಯೂ ತೆರೆದಿಡಬೇಕು. ಬೇಳೆಯನ್ನು ಬೇಯಿಸಲಾರದ, ಸಾಬೂನಿಗೆ ನೊರೆ ಬರಿಸಲಾರದ ಬೆಂಗಳೂರಿನ ಕೊಳವೆಬಾವಿಯ ಗಡಸುನೀರನ್ನಾದರೋ, ಅದು 24ರಿಂದ 27 ಡಿಗ್ರಿಯ ಆಸುಪಾಸಿನಲ್ಲಿದ್ದುದಾದರೆ, ಮನಸಾರೆ ಮೆಚ್ಚುವ ಏಕೈಕ ಕುಟುಂಬಸದಸ್ಯ ಈ ಮೀನೇ.

ಮೂರನೆಯದೂ ಮುಖ್ಯವೂ ಆದುದು ಪ್ರಜಾಪ್ರಕರಣ. ಗಪ್ಪಿಯಿಂದ ಸಂತಾನ ಪಡೆಯುವುದೆಂತು ಎನ್ನುವವನು ಪೂರ್ವಪಕ್ಷಿ. ತಡೆಯುವುದೆಂತು ಎನ್ನುವವನು ಅನುಭವಸ್ಥ. ಮೊಟ್ಟೆಯಿಡದೆ ಮರಿಗಳನ್ನೇ ಹೆರುವ ಈ ಮೀನಿನ ಗರ್ಭಾವಧಿ ಸುಮಾರು ನಾಲ್ಕು ವಾರ. ಹೊಟ್ಟೆಯ ಹಿಂಬದಿಯ ಕಪ್ಪು ಮಚ್ಚೆ ದಟ್ಟವಾಯಿತೆಂದರೆ ಪ್ರಸವ ಸನ್ನಿಹಿತ. ‘ಗಂಡನ್ನು ಬೇರ್ಪಡಿಸಿದರೆ ಸಾಕಲ್ಲವೆ?’ ಎಂದರೆ, ಸಾಲದು. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಯ್ದಿರಿಸಿಕೊಂಡು ಸೂಲಿನ ಮೇಲೆ ಸೂಲು ಹೆರಬಲ್ಲದು. ‘ಹಾಗಾದರೆ ಹೆಣ್ಣೊಂದನ್ನೇ ಕೊಳ್ಳೋಣ’ ಎಂದರೆ, ಅಂಗಡಿಯಲ್ಲಿ ಗಂಡುಗಳೊಡನೆ ಬೆಳೆದ ಹೆಣ್ಣು ಮನೆಗೆ ಬರುವಾಗಲೇ ಬಸುರಿ. ಆದುದರಿಂದ ನೈಯಾಯಿಕರ ಪಂಚಾವಯವ ವಾಕ್ಯ ಹೀಗೆ ನಿಲ್ಲುವುದು: ಈ ತೊಟ್ಟಿ ತುಂಬಿ ತುಳುಕಲಿದೆ, ಹೆಣ್ಣುಗಪ್ಪಿ ಇರುವುದರಿಂದ, ಎಲ್ಲೆಲ್ಲಿ ಹೆಣ್ಣುಗಪ್ಪಿಯೋ ಅಲ್ಲಲ್ಲಿ ಮರಿಗಳು, ಎದುರುಮನೆಯ ತೊಟ್ಟಿಯಲ್ಲಿರುವಂತೆ, ಇದೂ ಅಂಥದೇ, ಆದುದರಿಂದ ಹಾಗೆಯೇ. ಮನುವಿನ ಬೊಗಸೆಗೆ ಬಂದ ಮೀನು ತಾನು ಬೆಳೆಬೆಳೆದು ಪಾತ್ರೆಗಳನ್ನು ಮೀರಿತು. ಗಪ್ಪಿಯು ಬೆಳೆಯದೆಯೇ ಅದನ್ನು ಸಾಧಿಸುವುದು.

ಪ್ರಕೃತಿಯು ಇದಕ್ಕೊಂದು ಪ್ರತಿವಿಧಾನವನ್ನು ಕಲ್ಪಿಸದೆ ಇಲ್ಲ: ಹೆತ್ತ ತಾಯಿಯೇ ಮರಿಗಳನ್ನು ನುಂಗುವಳು. ಆದರೆ ಇದನ್ನು ಕಂಡು ಕರುಳು ಕಿವುಚಿದ ಗೃಹಸ್ಥನು, ಮರಿಗಳು ಅವಿತುಕೊಳ್ಳಲೆಂದು ಜಾವಾ ಮಾಸನ್ನೂ ಹೈಡ್ರಿಲವನ್ನೂ ಇಳಿಬಿಡುವನು, ಬ್ರೀಡಿಂಗ್ ಬಾಕ್ಸನ್ನು ತೂಗುಹಾಕುವನು, ಉಪ್ಪುನೀರಿನಲ್ಲಿ ಆರ್ಟೀಮಿಯದ ಮೊಟ್ಟೆಯೊಡೆಸಿ ಉಣಿಸುವನು; ಮೂರು ತಿಂಗಳಲ್ಲಿ ಆ ಮರಿಗಳೇ ಬಸುರಾಗಿ ನಿಂತಾಗ, ಗಪ್ಪಿಯ ಬಾಹುಳ್ಯಕ್ಕೆ ಉಪಾದಾನಕಾರಣ ಗಪ್ಪಿಯಾದರೂ ನಿಮಿತ್ತಕಾರಣ ತನ್ನ ಕರುಣೆಯೆಂದು ಅರಿಯುವನು.

ವರ್ಣಪ್ರಕರಣವನ್ನು ಸಂಕ್ಷೇಪಿಸುವೆನು. ತಂದೆಯ ಮಚ್ಚೆಯೊಂದು ಗಂಡುಮಕ್ಕಳ ಸಾಲಿನಲ್ಲೇ ಇಳಿದುಬರುವುದೆಂದು ಡೆನ್ಮಾರ್ಕಿನ ಯೋಹಾನ್ನೆಸ್ ಸ್ಮಿತ್ 1920ರಲ್ಲಿ ತೋರಿಸಿದನು. ಟ್ರಿನಿಡಾಡಿನ ಹೊಳೆಗಳಲ್ಲಿ ನುಂಗುವ ಮೀನುಗಳು ಹೆಚ್ಚಿರುವೆಡೆ ಗಂಡುಗಪ್ಪಿಯ ಬಣ್ಣ ಮಂಕೆಂದೂ, ವಿರಳವಾಗಿರುವೆಡೆ ಉಜ್ಜ್ವಲವೆಂದೂ ಜಾನ್ ಎಂಡ್ಲರ್ 1980ರಲ್ಲಿ ಪ್ರತಿಪಾದಿಸಿದನು. ಇಷ್ಟನ್ನೆಲ್ಲ ಓದಿದ ಗೃಹಸ್ಥನು ಅಚ್ಚಗೆಂಪು ತಳಿಯೊಂದನ್ನು ಉದ್ಧರಿಸುವೆನೆಂದು ತೊಟ್ಟಿಗಳನ್ನು ವಿಭಾಗಿಸುವನು. ಅಷ್ಟರೊಳಗೆ ಯಾವುದೋ ಗಂಡೊಂದು ಆಚೆಯ ತೊಟ್ಟಿಗೆ ಜಿಗಿದಿರುವುದು. ಮುಂದಿನ ಪೀಳಿಗೆಯಲ್ಲಿ ಕೆಂಪೊಂದನ್ನುಳಿದು ಸಕಲ ವರ್ಣಗಳೂ ಶೋಭಿಸುವುವು.

ಕಡೆಯದು ದಾನಪ್ರಕರಣ. ಸೊಳ್ಳೆಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ ತೊಟ್ಟಿಗಳಿಗೆ ಗಪ್ಪಿ ಬಿಡುವುದುಂಟು. ಅದನ್ನೇ ಪ್ರಮಾಣವಾಗಿ ಹಿಡಿದು ಗೃಹಸ್ಥನು ಕತ್ತಲಲ್ಲಿ ಕೆರೆಗೆ ಸುರಿದು ಬರತಕ್ಕದ್ದಲ್ಲ, ಅಲ್ಲಿಯ ನಾಡಮೀನುಗಳ ಅನ್ನಕ್ಕೂ ಮರಿಗಳಿಗೂ ಅದರಿಂದ ಸಂಚಕಾರ. ಆದುದರಿಂದ ಸತ್ಪಾತ್ರರನ್ನೇ ಹುಡುಕಬೇಕು. ಮೊದಲ ಸೂಲಿಗೆ ಬಂಧುಗಳು, ಎರಡನೆಯದಕ್ಕೆ ಕಚೇರಿಯವರು, ಮೂರನೆಯದಕ್ಕೆ ಹಾಲಿನವನು; ನಾಲ್ಕನೆಯದರ ವೇಳೆಗೆ ಬೀದಿಯವರು ಎದುರಾಗುವುದನ್ನೇ ಬಿಡುವರು.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವನು ಒಂದು ಜೊತೆ ಗಪ್ಪಿಯನ್ನು ಪಡೆಯುವನು, ಓದಿ ನಕ್ಕವನು ಎರಡು ಜೊತೆ ಪಡೆಯುವನು, ಇಬ್ಬರೂ ಬರುವಾಗ ಹಾರ್ಲಿಕ್ಸ್ ಸೀಸೆಯೊಂದನ್ನು ತರತಕ್ಕದ್ದು. ತಾರದವನಿಗೂ ಬಾರದವನಿಗೂ ಈ ಫಲ ತಪ್ಪದು. ವಿಳಾಸವಿದ್ದರೆ ಸಾಕು, ಸಂಜೆಯೊಳಗೆ ಅವನ ಮನೆಬಾಗಿಲಿಗೇ ತಲಪುವುದು.