ಶೂನ್ಯ ಪರ್ಯಾಯ ಮೀಮಾಂಸೆ

ಪ್ರಸ್ತಾವಿತ ಜಲಾಶಯವೊಂದರ ಪರ್ಯಾಯಗಳನ್ನೂ ಅನುಮತಿಗಳನ್ನೂ ಪರಾಮರ್ಶಿಸುವ ಈ ಪ್ರಬಂಧದ ಅಧ್ಯಯನ ಕ್ಷೇತ್ರ ಆಳಂದ, ಅಫಜಲಪುರ ಮತ್ತು ಜೇವರ್ಗಿ. ನಂಜುಂಡಪ್ಪ ಸಮಿತಿಯು 2002ರಲ್ಲೇ ಈ ಮೂರನ್ನೂ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳಿಗೆ ಸೇರಿಸಿರುವುದರಿಂದ ಸಂಶೋಧನೆಗೆ ಇದಕ್ಕಿಂತ ಪ್ರಶಸ್ತ ನೆಲ ಸಿಗದು.

ಪ್ರಕರಣ ಒಂದು: ಲಕ್ಷಣ. ಕಟ್ಟಬೇಕೆಂದು ಮೊದಲೇ ಗೊತ್ತುಮಾಡಿದ ಯೋಜನೆ ಚೆಂದ ಕಾಣಲೆಂದು ಅದರ ಪಕ್ಕ ನಿಲ್ಲಿಸುವ ಕುರೂಪಿ ಯೋಜನೆಗೆ ಪರ್ಯಾಯವೆಂದು ಹೆಸರು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಪರಿಸರ ಪರಿಣಾಮ ವರದಿಯ ಐದನೆಯ ಅಧ್ಯಾಯ ಇದಕ್ಕೇ ಮೀಸಲು. ಅದೂ ಅಧ್ಯಯನದ ವ್ಯಾಪ್ತಿ ನಿಗದಿಮಾಡುವಾಗ ಪರ್ಯಾಯದ ಅಗತ್ಯ ಕಂಡುಬಂದರೆ. ಕಂಡುಬರದಿದ್ದರೆ ಆರನೆಯ ಅಧ್ಯಾಯಕ್ಕೆ ದಾಟತಕ್ಕದ್ದು.

ಪ್ರಕರಣ ಎರಡು: ಪ್ರಭೇದ. ಪರ್ಯಾಯಗಳು ಏಳು ಬಗೆ. ಮೊದಲನೆಯದು ಸ್ಥಳಾತ್ಮಕ. ಆಳಂದ ತಾಲ್ಲೂಕಿನ ಕೊರಳ್ಳಿ ಬಳಿ ಅಮರ್ಜಾ ಜಲಾಶಯ ಆಗಲೇ ಇದೆ. ಒಳ್ಳೆ ಮಳೆಯಾದ ವರ್ಷ ಅದರಲ್ಲಿ ನೀರೂ ಇರುತ್ತದೆ. ಎರಡನೆಯದು ಏತಾತ್ಮಕ, ಜೇವರ್ಗಿಯ ಮಲ್ಲಾಬಾದ್ ಏತ ನೀರಾವರಿಯಂಥದ್ದು. ಈ ಬಗೆಯಲ್ಲಿ ನೀರಿಗಿಂತ ಮೊದಲು ಮೇಲೇರುವುದು ಅಂದಾಜು ವೆಚ್ಚ. ಮೂರನೆಯದು ಬ್ಯಾರೇಜಾತ್ಮಕ, ಅಫಜಲಪುರದ ಸೊನ್ನದಲ್ಲಿರುವಂತೆ: ಮೇಲಿಂದ ನೀರು ಬಂದರೆ ತಡೆಯುತ್ತದೆ, ಬರದಿದ್ದರೆ ದಾರಿ ಕಾಯುತ್ತದೆ. ಉಳಿದ ನಾಲ್ಕನ್ನು ಓದುಗರು ತಂತಮ್ಮ ತಾಲ್ಲೂಕಿನ ಅನುಭವದಿಂದ ತುಂಬಿಕೊಳ್ಳಲಿ. ಹೆಸರಿಡುವ ಹುರುಪು ನನಗೆ ಇಲ್ಲಿಗೇ ಇಳಿಯಿತು.

ಪ್ರಕರಣ ಮೂರು: ಅನುಮತಿ. ಕೇಂದ್ರ ಜಲ ಆಯೋಗ, ಪರಿಸರ ಇಲಾಖೆ, ಮರಗಿಡ ಇದ್ದಲ್ಲಿ ಅರಣ್ಯ ಇಲಾಖೆ, 2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನ, ಕೊನೆಗೆ ಸಾರ್ವಜನಿಕ ಅಹವಾಲು. ಕರಡು ವರದಿ ಇಂಗ್ಲಿಷಿನಲ್ಲಿ. ಊರವರಿಗೆ ಕನ್ನಡದಲ್ಲಿ ಸಿಗುವುದು ಸಾರಾಂಶ. ಹೊಲ ಮಾತ್ರ ಸಾರಾಂಶದಲ್ಲಿ ಮುಳುಗುವುದಿಲ್ಲ, ಪೂರ್ತಿ ಮುಳುಗುತ್ತದೆ. ಇಂಥ ಸಭೆಗಳಲ್ಲಿ ಹಿಂದಿನ ಸಾಲಿನಿಂದ ಯಾರಾದರೂ, ‘ಸಾಹೇಬ್ರ, ಅದೆಲ್ಲ ಖರೆ, ನೀರ ಯಾವಾಗ ಬರ್ತಾವ್ರಿ?’ ಎಂದು ಕೇಳುವುದುಂಟು. ಆ ಪ್ರಶ್ನೆ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಸಿದ್ಧಾಂತ: ಸರ್ವಶ್ರೇಷ್ಠವಾದದ್ದು ಶೂನ್ಯ ಪರ್ಯಾಯ, ಅಂದರೆ ಏನೂ ಮಾಡದಿರುವುದು. ಇದಕ್ಕೆ ಅನುಮತಿ ಬೇಡ, ಟೆಂಡರ್ ಬೇಡ, ನೆರೆರಾಜ್ಯದ ತಕರಾರಿಲ್ಲ. ನಿಗದಿತ ಅವಧಿಯಲ್ಲೇ ಜಾರಿಯಾಗುವ ಏಕೈಕ ನೀರಾವರಿ ಯೋಜನೆ ಇದು. ಹಾಗಾಗಿ ಕೋಷ್ಟಕದಲ್ಲಿ ಇದರ ವೆಚ್ಚದ ಕಾಲಮ್ಮಿಗೆ ಬರೀ ಒಂದು ಗೀಟು.

ಗೀಟೇ? ಭೀಮೆಗೆ ನೀರು ಬಿಡಿಸಿರೆಂದು 2024ರ ಬೇಸಿಗೆಯಲ್ಲಿ ಅಫಜಲಪುರದಲ್ಲಿ ಉಪವಾಸ ಕೂತರಲ್ಲ, ಆ ಹಸಿವು ಯಾವ ಕಾಲಮ್ಮಿಗೆ? ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ 15 ಟಿಎಂಸಿ ಮೀರಿ ಬಳಸಬಾರದೆಂದು 1976ರಲ್ಲಿ ಬಚಾವತ್ ನ್ಯಾಯಮಂಡಳಿ ಗೆರೆ ಹಾಕಿತು. ಮೇಲ್ಗಡೆ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ಸುಮಾರು 117 ಟಿಎಂಸಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಬತ್ತಿ ಮಲಗುವ ಅದೇ ಹೊಳೆ 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಯ ಊರೊಳಗೆ ನುಗ್ಗಿತು. ಯಾರ ಅನುಮತಿಯನ್ನೂ ಕೇಳಲಿಲ್ಲ, ಯಾವ ಪರ್ಯಾಯವನ್ನೂ ಪರಿಶೀಲಿಸಲಿಲ್ಲ. ತೊಗರಿ ಒಣಗಿದ ವರ್ಷ ಮುದುಕರನ್ನು ಮನೆ ಕಾಯಲು ಬಿಟ್ಟು, ಕೂಸುಗಳನ್ನು ಕಟ್ಟಿಕೊಂಡು ಪುಣೆ, ಮುಂಬೈಗೆ ಗುಳೆ ಹೋಗುವವರು ತೆರುತ್ತಿರುವುದು ಈ ಸೊನ್ನೆಯ ಬೆಲೆಯನ್ನೇ.

ಮುಂದಿನ ವಿಸ್ತೃತ ಯೋಜನಾ ವರದಿ (ಡಿಪಿಆರ್) ಬರೆಯುವ ಮಹನೀಯರೇ, ಹೊಸ ಜಲಾಶಯ ಬೇಡವೆಂದೇ ತೀರ್ಮಾನಿಸಿ. ಮುಳುಗುವ ಹೊಲದವರ ಮಾತಿನಲ್ಲೂ ನ್ಯಾಯವಿದೆ. ಆದರೆ ಆ ಗೀಟನ್ನು ಅಳಿಸಿ ಟ್ಯಾಂಕರಿನ ಬಾಡಿಗೆ, ಒಣಗಿದ ತೊಗರಿ, ಮಕ್ಕಳು ಬಿಟ್ಟ ಶಾಲೆ, ಎಲ್ಲವನ್ನೂ ಲೆಕ್ಕ ಹಾಕಿ ಅಲ್ಲಿ ಬರೆಯಿರಿ. ಸಾರಾಂಶವಲ್ಲ, ಪೂರ್ತಿ ವರದಿಯನ್ನೇ ಕನ್ನಡದಲ್ಲಿ ಕೊಡಿ.