39 ಫೂಟಿನ ಮಾವ

ಬೇರೆ ಊರಿನವರು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಕೊಲ್ಹಾಪುರದವರು ಫೂಟಿನಲ್ಲಿ. ರಾಜಾರಾಮ ಬಂಧಾರೆಯ ಹತ್ತಿರ ಪಂಚಗಂಗೆ 39 ಫೂಟಿಗೆ ಬಂದರೆ ‘ಇಶಾರಾ’, ಅಂದರೆ ಎಚ್ಚರಿಕೆ; 43ಕ್ಕೆ ಬಂದರೆ ‘ಧೋಕಾ’, ಅಂದರೆ ಅಪಾಯ. ಜುಲೈ ಹಿಡಿಯಿತೆಂದರೆ ಚಹಾದಂಗಡಿಯಲ್ಲೂ ಕಟಿಂಗ್ ಅಂಗಡಿಯಲ್ಲೂ ಇದೇ ಲೆಕ್ಕ. ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಹಿಡಿಯುವ ಒಂದು ಬಗೆಯ ಜನ ಇದ್ದಾರೆ: ತಗ್ಗಿನ ಗಲ್ಲಿಯಲ್ಲಿ ಮನೆ, ಮನೆ ಮುಂದೆ ಕಾರು ಇರುವವರು. ಇವರಿಗೆ ದಿಬ್ಬದ ಮೇಲೆ ಮನೆ ಮಾಡಿದ ನೆಂಟನೊಬ್ಬ ಇದ್ದೇ ಇರುತ್ತಾನೆ. ಆ ನೆಂಟನ ಪಾಡನ್ನು ಯಾವ ಪೇಪರಿನವರೂ ಬರೆಯುವುದಿಲ್ಲ.

ನನ್ನ ಹತ್ತಿರ ಕಾರಿಲ್ಲ, ಹಳೆಯ ಸ್ಕೂಟರ್ ಇದೆ. ಬಳಗದಲ್ಲಿ ನನಗೇನಾದರೂ ಮರ್ಯಾದೆ ಉಳಿದಿದ್ದರೆ ಅದು ರಾಜಾರಾಮಪುರಿಯ ಏರಿನ ಮೇಲಿರುವ ಬಾಡಿಗೆ ಮನೆಯಿಂದ. ನನ್ನ ಹೆಂಡತಿಯ ಕಾಕಾ, ಅಂದರೆ ನನ್ನ ಮಾವನವರು, ಶಾಹುಪುರಿಯ ತಗ್ಗಿನಲ್ಲಿದ್ದಾರೆ. ಅವರ ಪೂರ್ವಿಕರದು ಗಡಿಂಗ್ಲಜ. ಮಗಳನ್ನು ಕೊಟ್ಟಿದ್ದು ಇಚಲಕರಂಜಿಯ ಮಗ್ಗದ ಸಾವಕಾರರ ಮನೆಗೆ. ಹೀಗೆ ಮೂರು ಊರಿಗೆ ಓಡಾಡಲೆಂದೇ ಕಾರು ಕೊಂಡರು.

ಆದರೆ ಕಾರು ಓಡುವುದು ಎಲ್ಲಿ? ಬೇಸಿಗೆಯಲ್ಲಿ ಬಿಸಿಲಿಗೆ ಬಣ್ಣ ಹೋಗುತ್ತದೆ. ಜ್ಯೋತಿಬಾನ ಗುಡ್ಡಕ್ಕೆ ಒಯ್ದರೆ ಗುಲಾಲು ಸೀಟಿಗೆ ಹತ್ತುತ್ತದೆ. ದೇವರಿಗೆ ಬಸ್ಸಿನಲ್ಲಿ ಹೋದರೂ ನಡೆಯುತ್ತದೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಬಿಚ್ಚುವುದೇ ಇಲ್ಲ. ಖಂಡೇನವಮಿಗೆ ಚೆಂಡು ಹೂವಿನ ಹಾರ ಹಾಕುವಾಗಲೂ ಅಡಿಗೆ ಟವೆಲ್ ಹಾಸಿರುತ್ತಾರೆ. ಗಾಡಿ ತಪ್ಪದೆ ಹೊರಡುವುದು ಪೆಟ್ರೋಲಿಗೆ. ಕರ್ನಾಟಕದಲ್ಲಿ ಸೋವಿ ಎಂದು ಕಾಗಲ್ ದಾಟಿ, ಕೊಗನೋಳಿ ದಾಟಿ ನಿಪ್ಪಾಣಿಯವರೆಗೆ ಹೋಗಿ ಟಾಕಿ ತುಂಬಿಸಿ ಬರುತ್ತಾರೆ. ಹೋಗಿಬರುವುದಕ್ಕೆ ಸುಟ್ಟ ಪೆಟ್ರೋಲಿನ ಲೆಕ್ಕ ಎತ್ತಿದರೆ, “ಅಳಿಯಾರ, ಗಾಡಿ ನಡೀದಿದ್ರ ಬ್ಯಾಟ್ರಿ ಕೂಡತೈತ್ರಿ” ಎನ್ನುತ್ತಾರೆ.

ಮಳೆಗಾಲದಲ್ಲಂತೂ ಅವರ ಮೂರು ಊರೂ ನಡುಗಡ್ಡೆ. ಇಚಲಕರಂಜಿಯ ಹಳೆಯ ಸೇತುವೆ ಪಂಚಗಂಗೆಯ ಹೊಟ್ಟೆಗೆ, ಗಡಿಂಗ್ಲಜದ ಭಡಗಾವ ಸೇತುವೆ ಹಿರಣ್ಯಕೇಶಿಯ ಹೊಟ್ಟೆಗೆ. ಒಳದಾರಿ ಹಿಡಿಯೋಣವೆಂದರೆ ಬಂಧಾರೆಗಳು ಅಡ್ಡ. ಎಂಜಿನಿಯರುಗಳ ಪುಸ್ತಕದಲ್ಲಿ ಇವಕ್ಕೆ ‘ಕೊಲ್ಹಾಪುರ ಮಾದರಿ’ ಎಂದೇ ಹೆಸರು. ಬೇಸಿಗೆಯಲ್ಲಿ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮೇಲೆ ಗಾಡಿ ಓಡಾಡುತ್ತವೆ. ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆದಿಡುತ್ತಾರೆ, ಆಮೇಲೆ ಬಂಧಾರೆಯೇ ಮುಳುಗುತ್ತದೆ. ಊರಿನ ಹೆಸರು ಹೊತ್ತ ಬಂಧಾರೆ ಊರಿನವರನ್ನೇ ದಾಟಿಸುವುದಿಲ್ಲ.

ಹಾಗಾಗಿ ಆಷಾಢದಲ್ಲಿ ಮಾವನವರ ಕಾರಿಗೆ ಇರುವುದು ಒಂದೇ ಪ್ರಯಾಣ: ನಮ್ಮ ಗೇಟಿನವರೆಗೆ. ರಾಧಾನಗರಿ ಆಣೆಕಟ್ಟಿನ ಏಳು ಬಾಗಿಲು ಸ್ವಯಂಚಾಲಿತ. ನೀರು ಮಟ್ಟಕ್ಕೆ ಬಂದರೆ ಯಾರ ಅಪ್ಪಣೆಗೂ ಕಾಯದೆ ತಾವೇ ತೆರೆಯುತ್ತವೆ. ಮಾವನವರೂ ಹಾಗೆಯೇ. ಮೊದಲ ಬಾಗಿಲು ತೆರೆದ ಸುದ್ದಿ ಬರುವ ಹೊತ್ತಿಗೆ ಫೋನು ಬರುತ್ತದೆ, ಎರಡನೆಯದಕ್ಕೆ ಹಾರ್ನ್ ಕೇಳುತ್ತದೆ. ಗೇಟಿಗೆ ಅಡ್ಡವಾಗಿ, ನನ್ನ ಸ್ಕೂಟರ್ ಒಳಗೇ ಉಳಿಯುವಂತೆ ನಿಲ್ಲಿಸಿ, ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು, ಮೇಲೆ ಹೊದಿಕೆ ಹಾಕಿ, ಹೊದಿಕೆಗೆ ಹಗ್ಗ ಕಟ್ಟುತ್ತಾರೆ. ಕೀಲಿ ಮಾತ್ರ ತಮ್ಮ ಕಿಸೆಯಲ್ಲೇ. “ತಂಗಿ, ದಿನಾ ಒಂದ್ಸಲ ಹೊದಿಕಿ ಎತ್ತಿ ನೋಡವಾ, ಬೆಕ್ಕು ಕುಂತಿರ್ತಾವು” ಎಂದು ಹೆಂಡತಿಗೆ ಹೇಳಿ, ಚಹಾ ಕುಡಿದು, ರಿಕ್ಷಾ ಹಿಡಿದು ನೀರಿನ ಕಡೆಗೇ ವಾಪಸು ಹೋಗುತ್ತಾರೆ. ನಾನು ಆಫೀಸಿಗೆ ನಡೆಯುತ್ತೇನೆ.

ನೀರು ಇಳಿದ ಮೇಲೂ ಕಾರು ಹೋಗುವುದಿಲ್ಲ. “ಗಲ್ಲಿಯಾಗ ಇನ್ನೂ ರಾಡಿ ಐತ್ರಿ.” ರಾಡಿ ಒಣಗುತ್ತದೆ, ಶ್ರಾವಣ ಬರುತ್ತದೆ, ಗಣಪತಿ ಕೂರುತ್ತಾನೆ. ಓಣಿಯ ಹುಡುಗರು ಮಂಡಪಕ್ಕೆ ಜಾಗ ಬೇಕೆಂದು ನನ್ನ ಬಾಗಿಲಿಗೆ ಬರುತ್ತಾರೆ. ಅಕ್ಕಪಕ್ಕದವರು ಗಾಡಿ ನನ್ನದೇ ಎಂದು ತಿಳಿದು ವರ್ಗಣಿ ಹೆಚ್ಚು ಬರೆಯುತ್ತಾರೆ.

ಇದರ ನಡುವೆ ಆಲಮಟ್ಟಿ. ಅಲ್ಲಿ ನೀರು ಹಿಡಿದಿಡುವುದರಿಂದಲೇ ಇಲ್ಲಿ ನೀರು ಏರುತ್ತದೆ ಎಂಬುದು ಮಾವನವರ ನಂಬಿಕೆ. ಆ ಜಲಾಶಯದ ಮಟ್ಟ 519.60 ಮೀಟರ್, ಅದನ್ನು 524.256ಕ್ಕೆ ಏರಿಸುವ ವಿಚಾರವಿದೆ ಎಂಬುದು ಅವರಿಗೆ ಬಾಯಿಪಾಠ. ನನ್ನ ತೌರೂರು ವಿಜಯಪುರದ ಕಡೆಯದೆಂಬ ಒಂದೇ ಕಾರಣಕ್ಕೆ ಆ ಆಣೆಕಟ್ಟು ನನ್ನದು. “ನಿಮ್ಮವರಿಗೆ ಗೇಟ್ ತಗೀಲಿಕ್ಕೆ ಹೇಳ್ರಲ್ಲ.” “ಮಾವಾರ, ನೀವೂ ಕನ್ನಡದವರ ಅಲ್ರೀ?” “ನಾ ಕನ್ನಡದಾವ್ರಿ. ಗಾಡಿ ಎಂಎಚ್ 09 ಐತಿ.”

ಮಾವನವರ ನೀರಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. 2005ರ ಮಹಾಪುರದಲ್ಲಿ ನೀರು ಅವರ ಮನೆಯ ಮೆಟ್ಟಿಲಿಗೆ ಬಂದು ನಿಂತಿತ್ತು. ಅದೇ ಕೊನೆ ಎಂದು ಗೋಡೆಗೆ ಗೆರೆ ಎಳೆದು, ಆ ಗೆರೆಯ ಮೇಲಕ್ಕೆ ಕಟ್ಟೆ ಕಟ್ಟಿಸಿ, ಮೊದಲ ಕಾರನ್ನು ಅಲ್ಲಿಟ್ಟಿದ್ದರು. 2019ರ ಆಗಸ್ಟಿನಲ್ಲಿ ಪಂಚಗಂಗೆ 55 ಫೂಟು ದಾಟಿತು. ಶಿರೋಲಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ನೀರಿನಡಿ ಹೋಯಿತು; ಅತ್ತ ಪುಣೆಯೂ ಇಲ್ಲ, ಇತ್ತ ಬೆಳಗಾವಿಯೂ ಇಲ್ಲ. ಗೆರೆ, ಕಟ್ಟೆ, ಕಾರು ಎಲ್ಲ ಮುಳುಗಿದವು. ನೀರಿಳಿದ ಮೇಲೆ ಮಾವನವರು ಗಣಪತಿಯನ್ನು ನೆನೆದು ಕೀಲಿ ತಿರುವಿದರು. ಪಿಸ್ಟನ್ನು ಗಾಳಿಯನ್ನು ಅದುಮುತ್ತದೆ, ನೀರನ್ನು ಅದುಮಲಾರದು. ಒಳಗಿನ ರಾಡು ಬಾಗಿ ಎಂಜಿನ್ ಸತ್ತಿತು. ಹೀಗೆ ಚಾಲು ಮಾಡಿ ಕೆಡಿಸಿಕೊಂಡದ್ದಕ್ಕೆ ಸಾದಾ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ, ಎಂಜಿನ್ನಿಗೆ ಬೇರೆ ವಿಮೆ ಬೇಕು ಎಂದು ವಿಮೆಯವರು ತಿಳಿಸಿದರು. ಆ ಕಾಗದವನ್ನು ಮಾವನವರು ಇವತ್ತಿಗೂ ದೇವರ ಜಗಲಿಯ ಕೆಳಗೆ ಇಟ್ಟಿದ್ದಾರೆ.

2021ರ ಜುಲೈನಲ್ಲಿ ನೀರು 2019ಕ್ಕಿಂತಲೂ ಮೇಲೆ ಬಂತು. ಆ ರಾತ್ರಿ ಹಾರ್ನ್ ಕೇಳಿ ಹಲ್ಲು ಕಡಿಯುತ್ತ ಗೇಟು ತೆಗೆದೆ. ಕಾರಿನಿಂದ ಮೊದಲು ಇಳಿದದ್ದು ಅವರ ಗಲ್ಲಿಯ ಮುದುಕಿ, ಆಮೇಲೆ ಒಬ್ಬ ಬಸುರಿ, ಒಂದು ಹೊಲಿಗೆ ಯಂತ್ರ, ಯಾರದೋ ಶಾಲೆಯ ದಾಖಲೆಗಳ ಪೆಟ್ಟಿಗೆ. ಮಾವನವರು ಮತ್ತೆ ಹೋದರು, ಮತ್ತೆ ಬಂದರು. ಬೆಳಗಾಗುವವರೆಗೆ ಅದೇ ನಡೆಯಿತು. ಸೀಟಿನ ಪ್ಲಾಸ್ಟಿಕ್ ಹರಿದು ರಾಡಿಯಾಗಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಮನೆ ತುಂಬ ಮಲಗಿದ್ದವರ ನಡುವೆ ಕೂತು ಚಹಾ ಕುಡಿಯುತ್ತ ನದಿಯ ಫೂಟು ಕೇಳಿದರು, ಅಷ್ಟೇ.

ನೀರಿಳಿದ ವಾರದಲ್ಲೇ ಹೊಸ ಪ್ಲಾಸ್ಟಿಕ್ ಹಾಕಿಸಿದರು. ಕೊಲ್ಹಾಪುರದಲ್ಲಿ ಕಾರನ್ನು ಹೀಗೂ ಇಟ್ಟುಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ನಾನೀಗ ಸುಮ್ಮನಿರುತ್ತೇನೆ.

ತಗ್ಗಿನಲ್ಲಿರುವ ಓದುಗರಲ್ಲಿ ಒಂದು ಮಾತು. ನೀರು ಹೊಕ್ಕ ಗಾಡಿಯ ಕೀಲಿ ತಿರುವಬೇಡಿ, ತಳ್ಳಿಕೊಂಡೇ ಗ್ಯಾರೇಜಿಗೆ ಒಯ್ಯಿರಿ. ವಿಮೆಯ ಕಾಗದವನ್ನು ಜೂನ್‌ಗೆ ಮೊದಲೇ ಓದಿಕೊಳ್ಳಿ. ಎತ್ತರದ ಜಾಗವನ್ನೂ ಈಗಲೇ ನೋಡಿಕೊಳ್ಳಿ, ನಮ್ಮ ಗೇಟಿನ ಮುಂದೆ ಮಾತ್ರ ಜಾಗ ಇಲ್ಲ.